ಅಂಕಿತ ಯಾರದು, ನುಡಿ ಯಾರದು?

ಕಳೆದ ಶ್ರಾವಣದಲ್ಲಿ ಯಲಹಂಕ ಉಪನಗರದ ಭಕ್ತರೊಬ್ಬರು ಮಗಳೊಡನೆ ನಮ್ಮಲ್ಲಿಗೆ ಬಂದಿದ್ದರು. ಹುಡುಗಿ ಪಿ.ಯು. ಎರಡನೆಯ ವರ್ಷದಲ್ಲಿದ್ದಾಳೆ, ಅಮೆರಿಕೆಯ ಕಾಲೇಜುಗಳಿಗೆ ಅರ್ಜಿ ಹಾಕುವ ಹಂಬಲ. ಅರ್ಜಿಯೊಡನೆ ತನ್ನನ್ನು ಕುರಿತ ಪ್ರಬಂಧವೊಂದನ್ನು ಕಳುಹಿಸಬೇಕು. ಅದನ್ನು ತಿದ್ದಿಕೊಡಲು ಸಲಹಾ ಸಂಸ್ಥೆಯೊಂದು ಕೇಳಿದ ಹಣ ತಂದೆಯ ತಿಂಗಳ ಸಂಬಳಕ್ಕೆ ಸಮೀಪವಾಗಿತ್ತು. ಮೊದಲ ಕಂತನ್ನು ಕಟ್ಟಿಯೂ ಆಗಿತ್ತು. ಉಳಿದುದನ್ನು ಕಟ್ಟುವುದು ಸಾರ್ಥಕವೇ ಎಂದು ಕೇಳಿದರು.

ನಮ್ಮ ಸಿ.ಇ.ಟಿ., ನೀಟ್, ಜೆ.ಇ.ಇ. ಪರೀಕ್ಷೆಗಳಿಗೆ ಇಂಥ ಪ್ರಬಂಧದ ಗೊಡವೆಯಿಲ್ಲ. ಆ ದಾರಿಯ ಮಕ್ಕಳ ತಾಯಿತಂದೆಯರು ಈ ಚಿಂತೆಯನ್ನು ಬಿಡಬಹುದು. ಹೊರದೇಶಕ್ಕೆ ಹೊರಟವರಿಗೆ ಇದು ತಪ್ಪದು. ಅಮೆರಿಕೆಯ ನೂರಾರು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್ 250ರಿಂದ 650 ಪದಗಳ ಪ್ರಬಂಧವನ್ನು ಬೇಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 8 ಪ್ರಶ್ನೆಗಳಲ್ಲಿ 4ಕ್ಕೆ ತಲಾ 350 ಪದಗಳೊಳಗೆ ಉತ್ತರ ಕೇಳುತ್ತದೆ. ಬ್ರಿಟನ್ನಿನ ಯುಕ್ಯಾಸ್ ಸಂಸ್ಥೆಯ ಮಿತಿ 4000 ಅಕ್ಷರಗಳು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ.

ಹುಡುಗಿಯ ಕೈಯಲ್ಲಿ ಎರಡು ಪ್ರತಿಗಳಿದ್ದವು. ಮೊದಲನೆಯದು ಅವಳದೇ. ಊರ ಜಾತ್ರೆಯ ದಾಸೋಹದಲ್ಲಿ ಅಕ್ಕಿಯ ಲೆಕ್ಕ ಅವಳ ಪಾಲಿಗೆ ಬಂದು, ಲೆಕ್ಕ ತಪ್ಪಿ, ಕೊನೆಯ ಪಂಕ್ತಿಗೆ ಅನ್ನ ಸಾಲದೆ ಹೋದ ಕಥೆ. ಅಜ್ಜಿ ಬೈಯಲಿಲ್ಲವಂತೆ, ಸೌಟನ್ನು ಅವಳ ಕೈಗಿತ್ತು, ‘ಕಾದಿರುವವರ ಮುಂದೆ ಹೋಗಿ ನೀನೇ ಹೇಳು’ ಎಂದರಂತೆ. ಇಂಗ್ಲಿಷು ಅಲ್ಲಲ್ಲಿ ಎಡವಿತ್ತು, ಆರಂಭ ಉದ್ದವಾಗಿತ್ತು. ಆದರೂ ಓದುವಾಗ ನಮಗೆ ಆ ಪಂಕ್ತಿಯೇ ಕಣ್ಣಿಗೆ ಕಟ್ಟಿತು. ತಿದ್ದಿದ ಪ್ರತಿಯಲ್ಲಿ ವ್ಯಾಕರಣ ನಿರ್ದುಷ್ಟ. ನಾಯಕತ್ವ, ಛಲ, ಸಮುದಾಯ ಸೇವೆ ಎಂಬ ದೊಡ್ಡ ಮಾತುಗಳು ತುಂಬಿದ್ದವು. ಸೌಟು ಇರಲಿಲ್ಲ. ಅಜ್ಜಿಯೂ ಇರಲಿಲ್ಲ.

ಬಾಲ್ಯದಲ್ಲಿ ಮಠದಲ್ಲಿ ಓಲೆಗರಿಗಳ ಮುಂದೆ ಕುಳಿತು ಕಲಿತ ನಮಗೆ ಸಂಪಾದನೆ ಎಂಬ ಮಾತು ಹೊಸದಲ್ಲ. ಫ. ಗು. ಹಳಕಟ್ಟಿಯವರು ಹಸ್ತಪ್ರತಿಗಳನ್ನು ಹುಡುಕಿ ಕೂಡಿಸಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದದ್ದು ಸಂಪಾದನೆ. ಲಿಪಿಕಾರನ ತಪ್ಪನ್ನು ತಿದ್ದುವುದು ಸಂಪಾದಕನ ಕೆಲಸ. ತನ್ನ ನುಡಿಯನ್ನು ಸೇರಿಸಿ ಶರಣರ ಅಂಕಿತವನ್ನು ಅಂಟಿಸಿದರೆ ಅದು ಪ್ರಕ್ಷಿಪ್ತ. ಹುಡುಗಿಯ ಎರಡನೆಯ ಪ್ರತಿ ಪ್ರಕ್ಷಿಪ್ತವಾಗಿತ್ತು. ಅಂಕಿತ ಮಾತ್ರ ಅವಳದು.

ಇದು ನಮ್ಮೊಬ್ಬರ ಮಡಿವಂತಿಕೆಯಲ್ಲ. ಬರೆದದ್ದು ತನ್ನದೇ ಎಂದು ಕಾಮನ್ ಆ್ಯಪ್‌ನಲ್ಲಿ ವಿದ್ಯಾರ್ಥಿಯೇ ಸಹಿ ಹಾಕಬೇಕು; 2023ರಿಂದ ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಸಾರವನ್ನು ತನ್ನದೆನ್ನುವುದನ್ನೂ ವಂಚನೆಯ ಪಟ್ಟಿಗೆ ಸೇರಿಸಿದ್ದಾರೆ. ಸಲಹೆಗಾರರ ಮತ್ತು ಯಂತ್ರದ ಕೈವಾಡ ಹೆಚ್ಚಿತೆಂದು ಡ್ಯೂಕ್ ವಿಶ್ವವಿದ್ಯಾಲಯವು 2024ರಲ್ಲಿ ಪ್ರಬಂಧಕ್ಕೆ ಅಂಕ ಕೊಡುವುದನ್ನೇ ನಿಲ್ಲಿಸಿತು. 2007ರಲ್ಲಿ ಯುಕ್ಯಾಸ್ ಅರ್ಜಿಗಳನ್ನು ಹೋಲಿಸಿ ನೋಡಿದಾಗ, ಎಂಟನೆಯ ವಯಸ್ಸಿನಲ್ಲಿ ರಸಾಯನ ಪ್ರಯೋಗ ಮಾಡಲು ಹೋಗಿ ಪೈಜಾಮ ಸುಟ್ಟುಕೊಂಡ ಪ್ರಸಂಗ 234 ಮಂದಿಯ ಬಾಳಿನಲ್ಲಿ ನಡೆದಿತ್ತು! ಎಲ್ಲರೂ ಒಂದೇ ಮಾದರಿಯಿಂದ ಎತ್ತಿದ್ದರು.

ಹಾಗಾದರೆ ಹಣ ಕೊಡಲೇಬಾರದೆ? ಹಾಗೆನ್ನಲಾರೆವು. ಮನೆಯಲ್ಲಿ ಇಂಗ್ಲಿಷು ಬಲ್ಲವರಿಲ್ಲದ ಮಕ್ಕಳಿಗೆ ಒಂದೆರಡು ಗಂಟೆಯ ಒಳ್ಳೆಯ ಓದುಗನೊಬ್ಬ ಉಪಕಾರಿಯೇ. ಅವನು ಪ್ರಶ್ನೆ ಕೇಳಬೇಕು, ಬೇಡವಾದುದಕ್ಕೆ ಗೆರೆ ಎಳೆಯಬೇಕು; ಲೇಖನಿ ಹುಡುಗಿಯ ಕೈಯಲ್ಲೇ ಇರಬೇಕು. ಪ್ರವೇಶದ ಭರವಸೆ ಕೊಡುವವನಿಗೆ, ಪೂರ್ತಿ ಹಣ ಮುಂಗಡ ಕೇಳುವವನಿಗೆ ಒಂದು ಕಾಸೂ ಸಲ್ಲದು. ಇದೇ ಕೆಲಸವನ್ನು ಅವಳ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರು ಸಂತೋಷದಿಂದ ಮಾಡಿಯಾರು. ಖಾನ್ ಅಕಾಡೆಮಿಯ ಪ್ರಬಂಧ ಪಾಠಗಳಿಗೆ ಶುಲ್ಕವಿಲ್ಲ.

ಕಾಮನ್ ಆ್ಯಪ್ ತೆರೆಯುವುದು ಆಗಸ್ಟ್ 1ಕ್ಕೆ. ಬೇಗನೆ ಉತ್ತರ ಬಯಸುವವರಿಗೆ ಹಲವು ಕಾಲೇಜುಗಳ ಗಡುವು ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನವೇ. ಅಷ್ಟರಲ್ಲಿ ಮೂರು ಸಲ ಬರೆದು ಹರಿಯಲು ಕಾಲ ಸಾಕು. ಮೊದಲು ಕಥೆಯನ್ನು ಅಜ್ಜಿಯ ಮುಂದೆ ಕನ್ನಡದಲ್ಲಿ ಹೇಳಿ, ಆಮೇಲೆ ಬರೆ ಎಂದೆವು. ತಂದೆ ಎರಡನೆಯ ಕಂತನ್ನು ಕಟ್ಟಲಿಲ್ಲ. ಮೊದಲನೆಯದು ಹಿಂದಿರುಗಲೂ ಇಲ್ಲ. ಹದಿನೈದು ದಿನಗಳ ಮೇಲೆ ಹುಡುಗಿ ಮೂರನೆಯ ಪ್ರತಿ ತಂದಳು. ಎರಡು ಕಡೆ ಕಾಗುಣಿತ ತಪ್ಪಿತ್ತು, ಗುರುತು ಹಾಕಿಕೊಟ್ಟೆವು. ಸೌಟು ಮೊದಲ ಸಾಲಿಗೇ ಬಂದು ಕುಳಿತಿತ್ತು.