ಕತ್ತಲಾದ ಪೆಟ್ಟಿಗೆ

ಈಚೆಗೆ ಒಂದು ಸಂಜೆ ಇಂಜಿನಿಯರಿಂಗ್ ಪದವಿ ಮುಗಿಸಿದ ತರುಣನೊಬ್ಬ ನಮ್ಮ ಮನೆಗೆ ಬಂದಿದ್ದ. ತಂತ್ರಜ್ಞಾನ ನೀತಿ ಮತ್ತು ಅಂತರರಾಷ್ಟ್ರೀಯ ವ್ಯವಹಾರಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕೆಂದು ಅವನ ಆಸೆ. ಯಂತ್ರ ಕಟ್ಟುವುದನ್ನು ಬಿಟ್ಟು ಕಾಗದ ಓದಲು ಎರಡು ವರ್ಷವೇ ಎಂದು ಅವನ ತಂದೆಯವರ ಆಕ್ಷೇಪ. ಆ ವಿಷಯವನ್ನೇ ಓದಿ, ಬಹುಕಾಲ ಪಾಠ ಹೇಳಿದವನು ನಾನು; ತೀರ್ಪಿಗಾಗಿ ನನ್ನಲ್ಲಿಗೆ ಬಂದಿದ್ದ. ತೀರ್ಪಿನ ಬದಲು ಅವನಿಗೆ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಿದೆ.

1975ರಲ್ಲಿ ನನಗೆ ಹತ್ತು ವರ್ಷ. ರಾಯಚೂರು ಜಿಲ್ಲೆಯ ನಮ್ಮ ಹಳ್ಳಿಯ ಶಾಲೆಗೆ ಒಂದು ದೂರದರ್ಶನದ ಪೆಟ್ಟಿಗೆ ಬಂತು. ಅದರೊಡನೆ ತಂತಿಬಲೆಯ ಒಂದು ದೊಡ್ಡ ಬೋಗುಣಿ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಹೀಗೆ ಉಪಗ್ರಹದಿಂದ ನೇರವಾಗಿ ಚಿತ್ರ ಇಳಿಯುತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ. ಬಸ್ಸೇ ಬಾರದ ಊರಿಗೆ ಆಕಾಶದಿಂದ ಕನ್ನಡ ಬರುತ್ತಿತ್ತು! ಕತ್ತಲಾಗುವ ಮೊದಲೇ ಊರೆಲ್ಲ ಶಾಲೆಯಂಗಳದಲ್ಲಿ ನೆರೆಯುತ್ತಿತ್ತು.

ಸರಿಯಾಗಿ ಒಂದು ವರ್ಷ ಕಳೆಯಿತು. 1976ರ ಜುಲೈ 31ರ ಮರುದಿನ ಪೆಟ್ಟಿಗೆಯಲ್ಲಿ ಚಿತ್ರವಿಲ್ಲ. ಕೆಟ್ಟಿದೆಯೆಂದು ತಿಳಿದು ಹಲವು ಸಂಜೆ ಕಾದೆವು. ನಮ್ಮ ಮೇಷ್ಟರು ಕೊನೆಗೆ, “ಇನ್ನು ಬರುವುದಿಲ್ಲ, ಮಕ್ಕಳೇ, ಮನೆಗೆ ಹೋಗಿ” ಎಂದರು. ಏಕೆಂದು ಅವರಿಗೂ ತಿಳಿಯದು.

ಉತ್ತರ ನನಗೆ ದೊರೆತದ್ದು ಹಲವು ವರ್ಷಗಳ ಮೇಲೆ, ಸ್ನಾತಕೋತ್ತರ ತರಗತಿಯಲ್ಲಿ. 1969ರಲ್ಲಿ ಭಾರತದ ಪರಮಾಣು ಶಕ್ತಿ ಇಲಾಖೆಯೂ ಅಮೆರಿಕದ ನಾಸಾ ಸಂಸ್ಥೆಯೂ ಮಾಡಿಕೊಂಡ ಒಡಂಬಡಿಕೆಯನ್ನು ಅಂದು ಓದಿಸಿದರು. ಎಟಿಎಸ್-6 ಎಂಬ ಉಪಗ್ರಹ ಅವರದು. ನೆಲದ ಮೇಲಿನ ಏರ್ಪಾಡು, ಕಾರ್ಯಕ್ರಮ ನಮ್ಮವು. ಉಪಗ್ರಹ ಒಂದು ವರ್ಷದ ಮಟ್ಟಿಗೆ ಮಾತ್ರ ದೊರೆತದ್ದು. ಅವಧಿ ತೀರಿತು, ಅದು ತನ್ನ ದಾರಿ ಹಿಡಿಯಿತು. ನಮ್ಮ ಪೆಟ್ಟಿಗೆ ಕೆಟ್ಟಿರಲಿಲ್ಲ, ಕರಾರು ಮುಗಿದಿತ್ತು. ಓದುತ್ತ ನನ್ನ ಕಣ್ಣು ಮಂಜಾಯಿತೆಂದರೆ ಓದುಗರು ನಗಬಾರದು.

ಈ ವ್ಯಾಸಂಗದ ಸಾರ ಇಷ್ಟೇ: ಯಂತ್ರ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಯ ಪಕ್ಕದಲ್ಲಿ, ಅದು ಯಾರದು, ಎಷ್ಟು ಕಾಲಕ್ಕೆ, ಯಾವ ಷರತ್ತಿಗೆ, ಆಮೇಲೇನು ಎಂಬ ಪ್ರಶ್ನೆಗಳನ್ನೂ ಇಡುವುದು. 1983ರಲ್ಲಿ ಇನ್ಸಾಟ್-1ಬಿ ಮೇಲೇರಿತು. ಅದನ್ನು ಕಟ್ಟಿದವರೂ ಹಾರಿಸಿದವರೂ ಅಮೆರಿಕದವರೇ. ಆದರೆ ಒಡೆತನ ನಮ್ಮದು. ಆದುದರಿಂದ ಅದನ್ನು ಹಿಂದಕ್ಕೆ ಕೇಳುವವರಿರಲಿಲ್ಲ. ಮತ್ತೆ, ಅತಿಶೀತ ಇಂಧನದ ಕ್ರಯೋಜೆನಿಕ್ ಎಂಜಿನ್ನಿನ ಕಥೆಯನ್ನು ನೋಡಿ. 1991ರಲ್ಲಿ ಸೋವಿಯತ್ ಸಂಸ್ಥೆಯೊಡನೆ ಒಪ್ಪಂದವಾಯಿತು. 1992ರಲ್ಲಿ ಅಮೆರಿಕ ನಿರ್ಬಂಧ ಹೇರಿತು. 1993ರಲ್ಲಿ ರಷ್ಯ ಎಂಜಿನ್ನುಗಳನ್ನು ಕೊಡುತ್ತೇವೆ, ವಿದ್ಯೆಯನ್ನು ಕೊಡಲಾರೆವು ಎಂದಿತು. ನಮ್ಮದೇ ಎಂಜಿನ್ ಹೊತ್ತ ಜಿಎಸ್ಎಲ್‌ವಿ ಗುರಿ ಮುಟ್ಟಿದ್ದು 2014ರ ಜನವರಿಯಲ್ಲಿ. ಸಂಧಾನದ ಮೇಜಿನ ಒಂದು ಮಾತು ಪ್ರಯೋಗಶಾಲೆಯ ಎರಡು ದಶಕಗಳಾಯಿತು.

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯ ವಿಜ್ಞಾನ ನೀತಿಯ ಸಂಶೋಧನೆಗೆಂದೇ 1966ರಲ್ಲಿ ಒಂದು ವಿಭಾಗವನ್ನು ತೆರೆಯಿತು. ನಮ್ಮ ಬೆಂಗಳೂರಿನಲ್ಲಿ ವಿಜ್ಞಾನವನ್ನೂ ಸಮಾಜವನ್ನೂ ಕೂಡಿಸಿ ನೋಡುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 1988ರಲ್ಲಿ ಹುಟ್ಟಿತು. ಆದರೂ ತರುಣನಿಗೆ ಒಂದು ಎಚ್ಚರಿಕೆ ಹೇಳಿದೆ: ಯಂತ್ರವನ್ನು ಮುಟ್ಟದೆ ನೀತಿಯನ್ನು ಮಾತ್ರ ಓದಿದವನು ಬರಿಯ ಮಾತುಗಾರನಾಗುತ್ತಾನೆ, ಕಲಿತ ಇಂಜಿನಿಯರಿಂಗನ್ನು ಮರೆಯಬೇಡ.

ಹೊರಡುವಾಗ ಅವನು, “ಆ ಪೆಟ್ಟಿಗೆ ಏನಾಯಿತು, ಸಾರ್?” ಎಂದು ಕೇಳಿದ. ನಾನು ಊರು ಬಿಡುವವರೆಗೂ ಅದು ಶಾಲೆಯ ಮೂಲೆಯಲ್ಲಿತ್ತು. ಮೇಷ್ಟರು ಅದರ ಮೇಲೆ ಹಾಜರಿ ಪುಸ್ತಕ ಇಡುತ್ತಿದ್ದರು.

“ಇದನ್ನೇ ನಮ್ಮ ತಂದೆಗೆ ಹೇಳುತ್ತೇನೆ” ಎಂದು ಅವನು ಮೆಟ್ಟಿಲಿಳಿದ.