ಚಳಿಯ ಮುಂಜಾವಿನಲ್ಲಿ ಹಳೆಯ ಲಾರಿ

ಕಾರ್ಬ್ಯುರೇಟರುಳ್ಳ ಹಳೆಯ ಪೆಟ್ರೋಲು ಲಾರಿಯನ್ನು ಇಂದಿಗೂ ಉಳಿಸಿಕೊಂಡವರಿಗೆ ಕೊಡಗಿನ ಪುಷ್ಯಮಾಸದ ಮುಂಜಾವು ಒಂದು ಪರೀಕ್ಷೆಯೇ ಸರಿ. ಯಂತ್ರವನ್ನು ದೂಷಿಸುವ ಮೊದಲು ನಾವು ಕಾರಣವನ್ನರಿಯುವುದು ಲೇಸು. ಶೈತ್ಯದಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದು, ಎಣ್ಣೆಯು ಮಂದವಾಗುವುದು, ಬ್ಯಾಟರಿಯ ಬಲವೂ ಕುಗ್ಗುವುದು.

ಆದುದರಿಂದ ಮೊದಲು ಬ್ಯಾಟರಿಯ ತಂತಿಗಳ ತುದಿಗಳನ್ನು ಉಜ್ಜಿ ಬಿಗಿಮಾಡೋಣ. ಬಳಿಕ ಚೋಕನ್ನೆಳೆದು, 10 ಸೆಕೆಂಡಿಗೆ ಮೀರದಂತೆ ಸ್ಟಾರ್ಟರನ್ನು ತಿರುಗಿಸಿ, ತುಸು ವಿರಾಮ ಕೊಡೋಣ. ಪೆಟ್ರೋಲಿನ ವಾಸನೆ ಬಲವಾಗಿ ಬಂದರೆ ಅದು ಮಿತಿಮೀರಿ ಹರಿದಿದೆಯೆಂದು ತಿಳಿದು, ಚೋಕನ್ನು ಒಳಕ್ಕೆ ತಳ್ಳಿ, ಪ್ಲಗ್ಗುಗಳನ್ನು ಕಳಚಿ ಒಣಗಿಸತಕ್ಕದ್ದು. ಯಂತ್ರವು ಬಿಸಿಯಾದಂತೆಲ್ಲ ಚೋಕನ್ನು ಮೆಲ್ಲಮೆಲ್ಲನೆ ಒಳಸೇರಿಸಬೇಕು. ಇಲ್ಲವಾದರೆ ಹೆಚ್ಚಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಸವೆತವನ್ನುಂಟುಮಾಡುವುದು.

ಹೊರಟ ಲಾರಿಯು ನಡುದಾರಿಯಲ್ಲಿ ನಿಂತು, ಕೆಲವು ನಿಮಿಷಗಳ ಬಳಿಕ ಸಲೀಸಾಗಿ ಹೊರಟರೆ, ಕಾರ್ಬ್ಯುರೇಟರಿನ ಕಂಠದಲ್ಲಿ ಹಿಮ ಕಟ್ಟಿದ್ದಿರಬಹುದು. ಹೊರಗೆ 10 ಡಿಗ್ರಿಯಿದ್ದರೂ, ಆವಿಯಾಗುವ ಪೆಟ್ರೋಲು ಶಾಖವನ್ನು ಹೀರುವುದರಿಂದ ತೇವದ ಗಾಳಿಯಲ್ಲಿ ಹೀಗಾಗುವುದುಂಟು.

ಮನೆಮಂದಿಯೆಲ್ಲ ನೆನಪಿಡತಕ್ಕ ಮಾತೊಂದಿದೆ: ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಯಂತ್ರವನ್ನೆಂದಿಗೂ ಬಿಸಿಮಾಡಕೂಡದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಸದ್ದಿಲ್ಲದೆ ಪ್ರಾಣವನ್ನೊಯ್ಯುವುದು. ಕಾಫಿಯ ಮೂಟೆಗಳು ಅರ್ಧ ಗಂಟೆ ತಡವಾಗಿ ಹೊರಟರೆ ನಷ್ಟವೇನೂ ಇಲ್ಲ. ಮೊದಲು ಬಾಗಿಲನ್ನು ತೆರೆಯೋಣ.