ಹಗಲುನಿದ್ದೆಯ ಹಾಸಿಗೆ

'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬುದು ನಮ್ಮ ಗಾದೆ. ಈ ಮಾತಿಗೆ ಸಾಕ್ಷಿ ಬೇಕಾದವರು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಯಾವುದಾದರೊಂದು ಶಿಶುಪಾಲನಾ ಗೃಹದೊಳಗೆ ಇಣುಕಿ ನೋಡಬೇಕು. ಹತ್ತು ನಿಮಿಷಗಳ ಹಿಂದೆ ಒಂದು ಮರದ ಕುದುರೆಗಾಗಿ ಜುಟ್ಟು ಹಿಡಿದು ಕಾದಾಡಿದ ವೀರರಿಬ್ಬರೂ ಬಾಯಿ ತೆರೆದುಕೊಂಡು ಮಲಗಿರುತ್ತಾರೆ. ಮಗುವಿಗೆ ಚಿಂತೆಯಿಲ್ಲ, ನಿಜ. ಆದರೆ ಅದಕ್ಕೆ ಚಿಂತೆಯಿಲ್ಲದಿರುವುದು ಅದರ ಪರವಾಗಿ ಬೇರೊಬ್ಬರು ಚಿಂತೆಯನ್ನು ಹೊತ್ತಿರುವುದರಿಂದ. ಆ ಹೊರೆಯ ಒಂದು ಪಾಲು ಹಾಸಿಗೆಯ ಆಯ್ಕೆ. ಇಂದಿನ ನನ್ನ ಮಾತು ಅದನ್ನು ಕುರಿತದ್ದು.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೇಳಬಹುದು. ಧಾರವಾಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಸೊಸೆ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಒಗೆದ ಹಾಸುಗಳನ್ನು ಮಡಿಸಿಡುವ ಕೆಲಸ ನನ್ನ ಪಾಲಿನದು. ೨೦೧೭ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಂದ ತಿದ್ದುಪಡಿಯು ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಶಿಶುಪಾಲನೆಯ ಸೌಕರ್ಯ ಒದಗಿಸಬೇಕೆಂದು ವಿಧಿಸಿತು. ಆದರೆ ಹೊಲಿಗೆ ಯಂತ್ರದ ಮುಂದೆ, ಅಂಗಡಿಯ ಗಲ್ಲಾದ ಹಿಂದೆ, ಪುಟ್ಟ ಶಾಲೆಯ ಕರಿಹಲಗೆಯ ಬಳಿ ದುಡಿಯುವ ತಾಯಿಗೆ ಆ ಲೆಕ್ಕ ಒದಗುವುದಿಲ್ಲ. ಅವಳಿಗೆ ಒದಗುವುದು ನೆರೆಮನೆಯ ಒಂದು ಕೋಣೆ. ಆದ್ದರಿಂದ ಆ ಕೋಣೆಯ ನೆಲದ ಮೇಲೆ ಏನು ಹಾಸಿದ್ದಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಮೃದುವಾದದ್ದೆಲ್ಲ ಮಗುವಿಗೆ ಹಿತ ಎಂದು ನಾವು ಭಾವಿಸುತ್ತೇವೆ. ಬೂರುಗದ ಅರಳೆಯ ಮೆತ್ತೆ, ಸುತ್ತಲೂ ಪುಟ್ಟ ದಿಂಬುಗಳು, ಮೇಲೊಂದು ರಗ್ಗು: ಇದು ನೋಡುವವರ ಕಣ್ಣಿಗೆ ಹಬ್ಬ. ಆದರೆ ಹಾಸಿಗೆ ಇರುವುದು ನೋಡುವವರ ಕಣ್ಣಿಗಲ್ಲ, ಮಲಗುವವರ ಉಸಿರಿಗೆ. ಹುಟ್ಟಿದ ಮಗುವಿನ ತಲೆ ಅದರ ದೇಹದ ಉದ್ದದ ಕಾಲುಭಾಗದಷ್ಟಿರುತ್ತದೆ. ಅಂಥ ಭಾರವಾದ ತಲೆಯನ್ನು ಎತ್ತಿ ಹೊರಳಿಸುವ ಬಲ ಎಳೆಯ ಕುತ್ತಿಗೆಗೆ ಇರುವುದಿಲ್ಲ. ಮುಖ ಮೆತ್ತೆಯಲ್ಲಿ ಹುದುಗಿದರೆ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಪ್ರಾಣವಾಯು ಕಡಿಮೆಯಾಗುತ್ತ ಬರುತ್ತದೆ. ಇದು ಸದ್ದಿಲ್ಲದೆ ನಡೆಯುವ ಅನಾಹುತ. ಪಕ್ಕದಲ್ಲಿ ಕುಳಿತವರಿಗೂ 'ಮಗು ಗಾಢವಾಗಿ ನಿದ್ರಿಸುತ್ತಿದೆ' ಎಂದೇ ತೋರುತ್ತದೆ.

ಪಾಶ್ಚಾತ್ಯ ದೇಶಗಳು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತವು. ಅಲ್ಲಿ ಹಲವು ದಶಕಗಳ ಕಾಲ ಶಿಶುಗಳನ್ನು ಬೋರಲಾಗಿ ಮಲಗಿಸುವುದೇ ವಾಡಿಕೆಯಾಗಿತ್ತು. ಬೆನ್ನ ಮೇಲೆ ಮಲಗಿಸಿರೆಂಬ ಪ್ರಚಾರ ಬ್ರಿಟನ್ನಿನಲ್ಲಿ ೧೯೯೧ರಲ್ಲಿಯೂ ಅಮೆರಿಕದಲ್ಲಿ ೧೯೯೪ರಲ್ಲಿಯೂ ಆರಂಭವಾಯಿತು. ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ತೊಟ್ಟಿಲಲ್ಲಿ ಹಠಾತ್ತನೆ ಸಂಭವಿಸುವ ಶಿಶುಮರಣಗಳ ಪ್ರಮಾಣ ಅರ್ಧದಷ್ಟು ಇಳಿಯಿತು. ಔಷಧವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ, ಮಲಗಿಸುವ ಭಂಗಿಯೊಂದು ಬದಲಾಯಿತು, ಅಷ್ಟೆ. ೨೦೨೨ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ತನ್ನ ಸಲಹೆಗಳನ್ನು ಪರಿಷ್ಕರಿಸಿತು. ಅದರ ಸಾರ ಇಷ್ಟು: ಒಂದು ವರ್ಷದೊಳಗಿನ ಮಗುವಿನ ಹಾಸಿಗೆ ಗಟ್ಟಿಯಾಗಿರಬೇಕು, ಸಮತಟ್ಟಾಗಿರಬೇಕು, ಅದರ ಮೇಲೆ ಬಿಗಿಯಾಗಿ ಕಟ್ಟಿದ ಹಾಸುಬಟ್ಟೆಯ ಹೊರತು ದಿಂಬು, ಹೊದಿಕೆ, ಗೊಂಬೆ ಯಾವುದೂ ಇರಬಾರದು.

ಗಟ್ಟಿ ಎಂದರೆ ಎಷ್ಟು ಗಟ್ಟಿ? ಅಂಗೈಯನ್ನು ಹಾಸಿಗೆಯ ಮೇಲೆ ಒತ್ತಿ ತೆಗೆಯಿರಿ. ತೆಗೆದೊಡನೆ ಅದು ಮೊದಲಿನಂತಾಗಬೇಕು. ಕೈಯಚ್ಚು ಉಳಿದರೆ ಅದು ಶಿಶುವಿಗೆ ಸಲ್ಲದು. ತೆಂಗಿನ ನಾರಿನ ತೆಳು ಹಾಸಿಗೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಒತ್ತಿ ತುಂಬಿದ ಹತ್ತಿಯ ತೆಳು ಗಾದಿಯೂ ಆದೀತು. ಮರದ ತೊಟ್ಟಿಲಮಂಚವಿದ್ದರೆ ಹಾಸಿಗೆಗೂ ಕಟಕಟೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಕೂಡದು. ಕಟಕಟೆಯ ಕಡ್ಡಿಗಳ ನಡುವಿನ ಅಂತರ ಆರು ಸೆಂಟಿಮೀಟರನ್ನು ಮೀರಕೂಡದು. ಸೀರೆಯ ಜೋಳಿಗೆ ನಮ್ಮ ಹಳೆಯ ಸ್ನೇಹಿತ. ಅದರಲ್ಲಿ ತೂಗಿಸಿಕೊಳ್ಳದೆ ಬೆಳೆದವರು ವಿರಳ. ಆದರೂ ಹಲವು ಮಕ್ಕಳಿರುವ ಕಡೆ ಅದು ಬೇಡ. ಅದರಲ್ಲಿ ಮಲಗಿದ ಶಿಶುವಿನ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗಬಹುದು. ದೊಡ್ಡ ಮಕ್ಕಳು ಆಡುತ್ತ ಆಡುತ್ತ ಅದರ ಬಟ್ಟೆಗೆ ಕೊರಳು ಸಿಕ್ಕಿಸಿಕೊಂಡ ದುರಂತಗಳು ನಮ್ಮ ದೇಶದಲ್ಲಿಯೇ ದಾಖಲಾಗಿವೆ. ಮಲಗಿಸುವ ಮುನ್ನ ಮಗುವಿನ ಕುತ್ತಿಗೆಯಲ್ಲಿರುವ ಕರಿದಾರವನ್ನೂ ತಲೆಯ ಕುಲಾಯಿಯನ್ನೂ ತೆಗೆದಿಡುವುದು ಒಳ್ಳೆಯದು. ದಾರ ಎಲ್ಲಿಯಾದರೂ ಸಿಕ್ಕಿಕೊಳ್ಳಬಹುದು. ಕುಲಾಯಿಯಿಂದ ಮೈ ಅತಿಯಾಗಿ ಕಾಯಬಹುದು. ಚಳಿಯೆನಿಸಿದರೆ ಹೊದಿಕೆಯ ಬದಲು ಮೈಗೆ ಇನ್ನೊಂದು ಅಂಗಿ ತೊಡಿಸಬಹುದು.

ಇದನ್ನು ಮನೆಯ ಹಿರಿಯರಿಗೆ ತಿಳಿಸಿ ಹೇಳುವುದು ಸುಲಭವಲ್ಲ. ಮೊಮ್ಮಗನನ್ನು ಕರೆದೊಯ್ಯಲು ಬಂದ ಅಜ್ಜಿಯೊಬ್ಬರು ನನ್ನ ಸೊಸೆಯನ್ನು ತರಾಟೆಗೆ ತೆಗೆದುಕೊಂಡರು: "ಏನ್ರೀ ಅಕ್ಕಾರ, ಕೂಸಿನ ತಲಿಗೆ ಒಂದು ದಿಂಬಿಲ್ಲ, ಹೊದಿಯಾಕ ಕೌದಿ ಇಲ್ಲ! ಯಾರೂ ದಿಕ್ಕಿಲ್ಲದ ಕೂಸಿನಂಗ ಮಲಗಿಸೀರಲ್ಲ?" ಸೊಸೆ ಒಂದು ದಿಂಬು ತಂದು ಅವರ ಕೈಗಿತ್ತಳು: "ಅಜ್ಜೀ, ಇದರಾಗ ಮೂಗು ಒತ್ತಿ ಒಂದು ಗಳಿಗಿ ಉಸಿರಾಡ್ರಿ. ನಿಮಗ ಮಾರಿ ಹೊರಳಸಾಕ ಬರತೈತಿ, ಕೂಸಿಗೆ ಬರೂದಿಲ್ಲ." ಅಜ್ಜಿ ದಿಂಬನ್ನು ಮುಖದ ಹತ್ತಿರ ತಂದವರು ಹಾಗೆಯೇ ಕೆಳಗಿಳಿಸಿದರು. ಮತ್ತೆ ಅವರು ಆ ಮಾತೆತ್ತಲಿಲ್ಲ.

ವರ್ಷ ದಾಟಿದ ಮಕ್ಕಳ ವಿಚಾರ ಬೇರೆ. ಅವರಿಗೆ ನೆಲದ ಮೇಲಿನ ಹಾಸಿಗೆಯೇ ಮೇಲು, ಬೀಳುವ ಭಯವಿಲ್ಲ. ಕೆಳಗೊಂದು ಚಾಪೆ ಅಥವಾ ಜಮಖಾನ, ಅದರ ಮೇಲೆ ಎರಡು ಇಂಚು ದಪ್ಪದ ಹತ್ತಿಯ ಗಾದಿ, ಅದಕ್ಕೊಂದು ಹಾಸುಬಟ್ಟೆ, ಹೊದೆಯಲು ತೆಳುವಾದ ದುಪ್ಪಟಿ. ಐದು ವರ್ಷದ ಮಗು ಸಾಮಾನ್ಯವಾಗಿ ಮೂರೂವರೆ ಅಡಿಗಿಂತ ತುಸು ಎತ್ತರವಿರುತ್ತದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಹಾಸಿಗೆ ಸಾಕು. ನಮ್ಮ ಉತ್ತರ ಕರ್ನಾಟಕದ ಕೌದಿ ಇಲ್ಲಿ ತನ್ನ ಯೋಗ್ಯತೆಯನ್ನು ಮೆರೆಯುತ್ತದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಉದ್ದಕ್ಕೂ ಸಾಲುಹೊಲಿಗೆ ಹಾಕಿದ ಈ ವಸ್ತುವಿನಲ್ಲಿ ಅರಳೆಯಿಲ್ಲ. ಗಂಟುಕಟ್ಟುವುದಿಲ್ಲ, ಒಗೆದರೆ ಕೆಡುವುದಿಲ್ಲ. ಅದರ ಒಂದು ಪದರ ತಾಯಿಯ ಸೀರೆಯದಾಗಿದ್ದರೆ ಹೊಸದಾಗಿ ಸೇರಿದ ಎರಡು ವರ್ಷದ ಮಗುವಿಗೆ ಅದು ಮನೆಯ ವಾಸನೆಯನ್ನೇ ತಂದುಕೊಡುತ್ತದೆ. ಆದ್ದರಿಂದ ಮಗುವನ್ನು ಸೇರಿಸಲು ಬರುವ ತಾಯಂದಿರಿಗೆ ನಾವು ಹೇಳುವುದು: ಹೊಸದನ್ನು ಕೊಳ್ಳಬೇಡಿ, ಮನೆಯ ಕೌದಿಯನ್ನೇ ತನ್ನಿ.

ಎರಡನೆಯ ನಿಯಮ, ಒಬ್ಬರ ಹಾಸಿಗೆ ಒಬ್ಬರಿಗೇ. ಹೇನು, ಕಜ್ಜಿ, ನೆಗಡಿ ಇವು ಮಕ್ಕಳಷ್ಟೇ ಸ್ನೇಹಪರವಾದವು; ಒಬ್ಬರಿಂದೊಬ್ಬರಿಗೆ ಬಲು ಬೇಗ ಬಳಕೆಯಾಗುತ್ತವೆ. ಓದಲು ಬಾರದ ಮಕ್ಕಳ ಹಾಸಿಗೆಗೆ ಹೆಸರು ಬರೆದು ಫಲವಿಲ್ಲ. ಮೂಲೆಯಲ್ಲಿ ಒಂದು ಗಿಳಿ, ಒಂದು ಮಾವಿನಕಾಯಿ, ಒಂದು ಆನೆಯನ್ನು ದಾರದಿಂದ ಹೊಲಿದರೆ ಸಾಕು. ಹಾಸುಬಟ್ಟೆಯನ್ನು ವಾರಕ್ಕೊಮ್ಮೆಯಾದರೂ, ಒದ್ದೆಯಾದರೆ ಆಗಿಂದಾಗಲೇ ಒಗೆಯಬೇಕು. ಎತ್ತಿಡುವಾಗ ಒಬ್ಬರ ಹಾಸಿಗೆ ಇನ್ನೊಬ್ಬರದಕ್ಕೆ ತಾಗದಂತೆ ಬೇರೆ ಬೇರೆ ಚೀಲಗಳಲ್ಲಿ ಇಡಬೇಕು. ಕಜ್ಜಿಯ ನುಸಿ ಮನುಷ್ಯನ ಮೈಬಿಟ್ಟು ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕಲಾರದು. ಆದ್ದರಿಂದ ಕಜ್ಜಿಯಾದ ಮಗುವಿನ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು, ಒಗೆಯಲಾಗದ್ದನ್ನು ಕೆಲವು ದಿನ ಚೀಲದಲ್ಲಿ ಕಟ್ಟಿಡಬೇಕು. ಧಾರವಾಡದ ಮಳೆಗಾಲದಲ್ಲಿ ಬಟ್ಟೆ ಒಣಗುವುದೆಂದರೆ ತಪಸ್ಸೇ ಸರಿ. ಆ ತಿಂಗಳುಗಳಲ್ಲಿ ಮಗುವೊಂದಕ್ಕೆ ಮೂರು ಹಾಸುಬಟ್ಟೆಗಳಿರಲಿ. ಅಡಿಯಲ್ಲಿ ಹಾಕುವ ರಬ್ಬರ್ ಶೀಟನ್ನು ನಾಲ್ಕು ಮೂಲೆಗಳಲ್ಲಿಯೂ ಭದ್ರವಾಗಿ ಕಟ್ಟಬೇಕು. ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನಂತೂ ಬಳಸಲೇಕೂಡದು, ಅದು ಮುಖಕ್ಕೆ ಅಂಟಿಕೊಂಡೀತು. ಹಾಸಿಗೆ ಒದ್ದೆಯಾದುದಕ್ಕೆ ಮಗುವನ್ನು ಉಳಿದವರೆದುರು ಆಡಿಕೊಳ್ಳಬಾರದು. ಬಟ್ಟೆಯ ಕಲೆ ಒಗೆದರೆ ಹೋಗುತ್ತದೆ.

ಮೂರನೆಯದು ಅಂತರ. ಎರಡು ಹಾಸಿಗೆಗಳ ನಡುವೆ ಎಲ್ಲ ಕಡೆಯೂ ಮೂರಡಿ ಬಿಡಬೇಕೆಂಬುದು ಶಿಶುಪಾಲನೆಯ ತಜ್ಞರ ಸಲಹೆ. ಒಬ್ಬರ ಕೆಮ್ಮು ಇನ್ನೊಬ್ಬರ ಮುಖಕ್ಕೆ ತಲುಪದಿರಲೆಂದೂ, ನೋಡಿಕೊಳ್ಳುವವರು ಯಾವ ಮಗುವನ್ನೂ ತುಳಿಯದೆ ಯಾವ ಮಗುವಿನ ಬಳಿಗೂ ಹೋಗಲಾಗಲೆಂದೂ ಈ ಏರ್ಪಾಡು. ಈಗ ಲೆಕ್ಕ ಹಾಕಿ ನೋಡಿ. ಹನ್ನೆರಡಡಿ ಚೌಕದ ಬರಿದಾದ ಕೋಣೆಯಲ್ಲಿ ಎರಡಡಿ ಅಗಲದ ಹಾಸಿಗೆಗಳು ಸಾಲಿಗೆ ಮೂರು. ನಾಲ್ಕಡಿ ಉದ್ದದ ಸಾಲುಗಳು ಎರಡು. ಒಟ್ಟು ಆರು ಮಕ್ಕಳು. ಹತ್ತಡಿಗೆ ಹನ್ನೆರಡಡಿಯ ಕೋಣೆಯಾದರೆ ಬರಿಯ ನಾಲ್ವರು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಾನು ವಿದ್ಯಾರ್ಥಿಗಳಿಗೆ ಮಿತವ್ಯಯದ ಪಾಠವಾಗಿ ವಿವರಿಸುತ್ತಿದ್ದೆ. ಶಿಶುಪಾಲನೆ ಮಾಡುವವರಿಗೆ ಅದು ಬೇರೆಯೇ ಅರ್ಥ ಕೊಡುತ್ತದೆ: ಹಾಸಿಗೆ ಹಿಡಿದಷ್ಟೇ ಮಕ್ಕಳನ್ನು ಸೇರಿಸಿಕೊಳ್ಳಬೇಕು.

ಹೇಳುವುದಕ್ಕೆ ಇದು ಸುಲಭ. ನಮ್ಮ ಕೋಣೆ ಹನ್ನೆರಡಡಿ ಚೌಕದ್ದು, ಆರು ಮಕ್ಕಳಿದ್ದರು. ಬಟ್ಟೆ ಹೊಲಿದು ಜೀವನ ಸಾಗಿಸುವ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದು ಏಳನೆಯವಳಾಗಿ ಸೇರಿಸಿಕೊಳ್ಳಿ ಎಂದಳು. ಆರು ಹಾಸಿಗೆಗಳನ್ನು ತುಸು ಒತ್ತಿದರೆ ಏಳನೆಯದಕ್ಕೂ ಜಾಗವಾಗುತ್ತಿತ್ತು. ಒಲ್ಲೆನೆಂದರೆ ಆಕೆಯ ಕೆಲಸ ಹೋಗುತ್ತಿತ್ತು. ಎರಡು ದಿನ ಮನೆಯಲ್ಲಿ ಇದೇ ಮಾತು. ಕೊನೆಗೆ ನಡುಮನೆಯ ಸೋಫಾವನ್ನು ಹೊರಗೆ ಹಾಕಿ ಅಲ್ಲಿ ಒಂದು ಹಾಸಿಗೆ ಹಾಸಿದೆವು. ಆದರೆ ಎರಡು ಕಡೆ ಮಲಗಿದ ಮಕ್ಕಳನ್ನು ಒಬ್ಬಳೇ ನೋಡಲಾಗುವುದಿಲ್ಲ. ಆದ್ದರಿಂದ ಒಂದರಿಂದ ಮೂರರವರೆಗೆ ನನ್ನ ಓದಿನ ಕುರ್ಚಿ ಈಗ ನಡುಮನೆಯಲ್ಲಿರುತ್ತದೆ.

ಕೊನೆಯದಾಗಿ ಒಂದು ಮಾತು. ಎಷ್ಟೇ ಒಳ್ಳೆಯ ಹಾಸಿಗೆಯಾದರೂ ಅದು ಕಾವಲುಗಾರನಲ್ಲ. ಮಕ್ಕಳು ಮಲಗಿದ ಕೋಣೆಯನ್ನು ಪೂರ್ತಿ ಕತ್ತಲೆ ಮಾಡಬಾರದು. ಮುಖದ ಬಣ್ಣ ಕಾಣುವಷ್ಟು ಬೆಳಕಿರಬೇಕು. ಬಾಗಿಲು ತೆರೆದಿರಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ಪ್ರತಿಯೊಂದು ಮಗುವಿನ ಬಳಿ ನಿಂತು, ಎದೆ ಏರಿಳಿಯುವುದನ್ನು ನೋಡಬೇಕು. ಪುಸ್ತಕದ ಪುಟಕ್ಕೆ ಗುರುತಿಟ್ಟು ಏಳುವುದು ನನಗೆ ಈಗ ರೂಢಿಯಾಗಿದೆ. ಓದು ಸ್ವಲ್ಪ ನಿಧಾನವಾಗಿ ಸಾಗುತ್ತದೆ, ಸಾಗಲಿ.

(ಬಾನುಲಿ ಭಾಷಣ)